ಹೆಂಗೈತೋ ಹಂಗೆ

ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಗೆ ಚಕ್ರಗಳಿದ್ದವು. ಅದು ಮುಚ್ಚಿಹೋದ ನಾಟಕ ಕಂಪನಿಯ ಬಸ್ಸು. ಕಂಪನಿಯ ಡ್ರೈವರ್ ಹೆಂಡತಿಯೊಡನೆ ಅದರಲ್ಲೇ ಸಂಸಾರ ಹೂಡಿದ್ದ. ರಾಜಸಭೆ ಬರೆದಿದ್ದ ನಾಟಕದ ಪರದೆಯ ಹಿಂದೆ ಅಡುಗೆ, ಮುಂದೆ ಹಾಸಿಗೆ. ಎಂಜಿನ್ ಎಂದೋ ಸತ್ತಿತ್ತು. ಆದರೂ ಸಂಜೆಯಾದರೆ ಸ್ಟೀರಿಂಗ್ ಹಿಡಿದು ಕೂತು, ಬಾಯಲ್ಲೇ ಗೇರು ಬದಲಿಸಿ, ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದ. ನಮ್ಮ ಎಮ್ಮೆಯೊಂದು ಮಾತ್ರ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುತ್ತಿತ್ತು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಹೆಂಡತಿ ಚಕ್ರವಿಲ್ಲದ ಮನೆಯೇ ಬೇಕೆಂದು ಹಟ ಹಿಡಿದಳು. ಬಸ್ಸು ಮಾರಾಟಕ್ಕೆ ಬಿತ್ತು. ಅದರಲ್ಲಿ ಹೋಟೆಲ್ ಇಡಬೇಕೆಂದು ಕುಣಿಗಲ್ಲಿನವನೊಬ್ಬ ನೋಡಲು ಬಂದ.

“ಟಾಪಲ್ಲಿ ತೂತು ಅವೆಯಲ್ಲ ಯಜಮಾನ್ರೇ?”

“ಹೆಂಗೈತೋ ಹಂಗೆ.”

“ಬಾಗ್ಲೂ ಹಾಕ್ಕಳಲ್ವಲ್ಲ?”

“ಹೆಂಗೈತೋ ಹಂಗೆ ಅಂದ್ನಲ್ಲ ಸ್ವಾಮಿ. ಒಂದು ಮೊಳೆ ಹೊಡೆಯಲ್ಲ, ಒಂದು ಮೊಳೆ ಕೀಳಲ್ಲ.”

ವ್ಯಾಪಾರ ಕುದುರಿತು. ಆಮೇಲೆ ಯಾರು ಆರೋಗ್ಯ ವಿಚಾರಿಸಿದರೂ, ಹೆಂಡತಿ ಸಾರು ಹೇಗಿದೆ ಎಂದರೂ ಡ್ರೈವರನ ಉತ್ತರ ಅದೇ ಆಗಿತ್ತು.

ಒಯ್ಯುವ ದಿನ ಬಸ್ಸನ್ನು ಟ್ರ್ಯಾಕ್ಟರಿಗೆ ಹಗ್ಗದಲ್ಲಿ ಬಿಗಿದರು. ಹೆಂಡತಿ ಪಾತ್ರೆಗಳ ಗಂಟು ಹೊತ್ತು ಇಳಿದಳು. ಇವನು ಸ್ಟೀರಿಂಗ್ ಬಿಡಲಿಲ್ಲ.

“ಇಳೀರಿ ಯಜಮಾನ್ರೇ,” ಅಂದ ಕೊಂಡವನು.

“ಯಾಕೆ? ಹೆಂಗೈತೋ ಹಂಗೆ ಅಂತ ಮಾತಾಗೈತೆ. ನಾನು ಇದ್ರೊಳಗೇ ಇದೀನಿ.”

ಕೊಂಡವನು ಹೆಂಡತಿಯ ಮುಖ ನೋಡಿದ. ಆಕೆ ಗಂಟನ್ನು ಕೆಳಗಿಟ್ಟಳು.

“ಬ್ಯಾಡ ಕಣಣ್ಣ. ಬಸ್ನ ಬೇಕಾದ್ರೆ ಹಂಗೇ ತಗೊಂಡೋಗಿ. ಈವಯ್ಯನ್ನ ಹಂಗೇ ತಗೊಂಡು, ಇವತ್ತಿಗೂ ರಿಪೇರಿ ಮಾಡ್ತಾನೇ ಇದೀನಿ ನಾನು.”