ನಶ್ಯದ ಡಬ್ಬಿ ಮತ್ತು ಮೂರನೆಯ ಆಯ್ಕೆ

ದಿಲ್‌ಸುಖ್‌ನಗರದ ಬಸ್ ನಿಲ್ದಾಣದ ಎದುರಿಗೆ, ಬಳೆ ಅಂಗಡಿಯ ಮೇಲಿನ ಮೂರನೆಯ ಮಹಡಿಯಲ್ಲಿ, ಶಾಂತಕುಮಾರನೆಂಬ ವೀರನು ದಿನವೂ ಬೀಜಗಣಿತವನ್ನು ಸಂಹರಿಸುತ್ತಿದ್ದ. ಕೈಯಲ್ಲಿ ಸೀಮೆಸುಣ್ಣ, ಕಂಕುಳಲ್ಲಿ ಬೆವರು. ನಗರದ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಕಲಿತವರಿಗೆಲ್ಲ ಕೆಲಸವಂತೆ ಎಂಬ ಸುದ್ದಿ ಕೇಳಿ ಜಿಲ್ಲೆಜಿಲ್ಲೆಗಳ ಹುಡುಗ ಹುಡುಗಿಯರು ಆ ರಸ್ತೆಗೆ ಬಂದಿಳಿದಿದ್ದರು. ಆ ಕೆಲಸಕ್ಕೂ ಅವರಿಗೂ ನಡುವೆ ಅಡ್ಡ ಮಲಗಿದ್ದ ರಾಕ್ಷಸ ಒಬ್ಬನೇ: ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎನ್ನುವ ಪರೀಕ್ಷೆ.

ಶಾಂತಕುಮಾರನ ಯುದ್ಧನೀತಿ ಸರಳವಾಗಿತ್ತು. ಲೆಕ್ಕ ಬಿಡಿಸಬೇಡಿ. ಕಳ್ಳನೂ ಸೇರಿದಂತೆ ನಾಲ್ವರನ್ನು ಪೊಲೀಸರೇ ಠಾಣೆಯಲ್ಲಿ ಸಾಲಾಗಿ ನಿಲ್ಲಿಸಿರುವಾಗ ಊರೆಲ್ಲ ಹುಡುಕುವವನು ದಡ್ಡ. ಒಬ್ಬೊಬ್ಬನನ್ನೇ ಕೇಳಿ. ಉದಾಹರಣೆಗೆ, ತಂದೆಯ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು, ಹತ್ತು ವರ್ಷ ಕಳೆದರೆ ಎರಡು ಪಟ್ಟು; ಮಗನ ವಯಸ್ಸೆಷ್ಟು? ಕೊಟ್ಟ ಉತ್ತರಗಳು ಎಂಟು, ಹತ್ತು, ಹನ್ನೆರಡು, ಹದಿನೈದು. ಮೊದಲು ಮೂರನೆಯದನ್ನು ಹಿಡಿಯಿರಿ. ಮಗನಿಗೆ ಹನ್ನೆರಡಾದರೆ ತಂದೆಗೆ ಮೂವತ್ತಾರು; ಹತ್ತು ವರ್ಷದ ನಂತರ ಇಪ್ಪತ್ತೆರಡು ಮತ್ತು ನಲವತ್ತಾರು. ಎರಡು ಪಟ್ಟಿಗಿಂತ ಹೆಚ್ಚಾಯಿತು. ಅಂದರೆ ಹನ್ನೆರಡೂ ಅಲ್ಲ, ಅದಕ್ಕಿಂತ ದೊಡ್ಡದಾದ ಹದಿನೈದೂ ಅಲ್ಲ; ಒಂದೇ ಏಟಿಗೆ ಇಬ್ಬರು ಹೊರಗೆ. ಇನ್ನು ಹತ್ತನ್ನು ಹಾಕಿ ನೋಡಿ: ಈಗ ಹತ್ತು, ಮೂವತ್ತು; ಆಮೇಲೆ ಇಪ್ಪತ್ತು, ನಲವತ್ತು. ಸಿಕ್ಕಿಬಿದ್ದ. ಇದನ್ನೆಲ್ಲ ಅವನು ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಹೇಳಿ, ಸೀಮೆಸುಣ್ಣವನ್ನು ಬಾಣದಂತೆ ಕಿಟಕಿಯಾಚೆ ಎಸೆಯುತ್ತಿದ್ದ. ಬಳೆ ಅಂಗಡಿಯವರು ಬೈಯುತ್ತಿದ್ದರು.

ಇಂಥ ವೀರನ ಎದೆ ಆ ವರ್ಷದ ಮಾಘಮಾಸದಿಂದ ನಡುಗತೊಡಗಿತ್ತು. ಕಾರಣ, ತೀರಿಕೊಂಡಿದ್ದ ಅವನ ಮಾವ ಬಂಡೆಪ್ಪ ಮಾಸ್ತರರು.

ಮಾಸ್ತರರು ನಗರದ ಕನ್ನಡ ಶಾಲೆಯೊಂದರಲ್ಲಿ ಗಣಿತ ಕಲಿಸಿದವರು. ಶಾಂತಕುಮಾರ ಮೊದಲು ಅವರ ಶಿಷ್ಯ, ಆಮೇಲೆ ಅಳಿಯ. ಉತ್ತರ ಸರಿಯಿದ್ದು ಹಂತಗಳಿಲ್ಲದಿದ್ದರೆ ಮಾಸ್ತರರು ಸೊನ್ನೆ ಕೊಡುತ್ತಿದ್ದರು. ಯಾರಾದರೂ ಒಂದು ಹಂತ ಹಾರಿಸಿದರೆ ಹಿತ್ತಾಳೆಯ ನಶ್ಯದ ಡಬ್ಬಿಯನ್ನು ಮೇಜಿಗೆ ಕುಟ್ಟಿ, "ಹಂತ ಎಲ್ಲಿ ನುಂಗಿದ್ಯೊ?" ಎನ್ನುತ್ತಿದ್ದರು. ಅವರೊಂದಿಗೆ ಆ ಡಬ್ಬಿಯನ್ನೂ ಮಣ್ಣಿಗಿಟ್ಟಿದ್ದರು.

ಅದಾದ ಮೇಲೆ ಶುರುವಾಯಿತು. ತರಗತಿಯಲ್ಲಿ ಶಾಂತಕುಮಾರ "ಬಿಡಿಸಬೇಡಿ" ಎಂದದ್ದೇ ತಡ, ಯಾರೂ ಕೂರದ ಕೊನೆಯ ಬೆಂಚಿನಿಂದ ಶಬ್ದ: ಟಕ್. ಮಕ್ಕಳು ತಲೆಯೆತ್ತಲಿಲ್ಲ. ಅವನು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ. ಮರುದಿನ ಶಬ್ದದ ಜೊತೆ ವಾಸನೆಯೂ ಬಂತು. ಪಾಠದ ನಡುವೆ ಅವನೊಬ್ಬನೇ ಸೀನಿ ಸೀನಿ ಕಣ್ಣೀರಾದ. ಕೋಣೆ ಬದಲಿಸಿದ. ಮಾವನವರೂ ಕೋಣೆ ಬದಲಿಸಲು ತಡಮಾಡಲಿಲ್ಲ. ಖಾಲಿ ಬೆಂಚಿನ ಮೇಲಿನ ಧೂಳಿನಲ್ಲಿ ದುಂಡನೆಯ ಗುರುತುಗಳು ಕಾಣತೊಡಗಿದವು, ಡಬ್ಬಿಯ ತಳದಷ್ಟೇ ಅಗಲ. ಮೂರು ಭಾಷೆಯಲ್ಲಿ ಗರ್ಜಿಸುತ್ತಿದ್ದ ವೀರ ಈಗ "ಬಿಡಿಸಬೇಡಿ" ಎಂಬುದನ್ನು ಪಿಸುಮಾತಿನಲ್ಲಿ ಹೇಳಿ ಬಾಗಿಲ ಬಳಿ ನಿಲ್ಲುತ್ತಿದ್ದ.

ಅಷ್ಟರಲ್ಲಿ ಮನೆಯಲ್ಲಿ ಬೇರೆ ಯುದ್ಧ ಬಂತು. ಹೆಂಡತಿ ಸುವರ್ಣಾ ಬ್ಯಾಂಕಿನ ಗುಮಾಸ್ತರ ಪರೀಕ್ಷೆ ಬರೆಯುವವಳಿದ್ದಳು. ಹಿಂದೆಯೂ ಬರೆದು ಸೋತಿದ್ದಳು. ಬರೆದದ್ದೆಲ್ಲ ಸರಿ, ಆದರೆ ಅರ್ಧ ಪತ್ರಿಕೆ ಮುಟ್ಟಿರಲೇ ಇಲ್ಲ. ಮಾಸ್ತರರ ಮಗಳಲ್ಲವೇ, ಹಂತಹಂತವಾಗಿ ಬಿಡಿಸುವಷ್ಟರಲ್ಲಿ ಗಂಟೆ ಹೊಡೆದಿತ್ತು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ಇದೇ ಕೊನೆಯದು.

"ಮಂದಿಗೆಲ್ಲಾ ದಾರಿ ತೋರಿಸ್ತೀರಿ," ಅಂದಳು ಸುವರ್ಣಾ, ರೊಟ್ಟಿ ಬಡಿಯುತ್ತ. "ಮನಿಯಾಕಿಗೆ ಮಾತ್ರ ತೋರಿಸಾಕ ಆಗವಲ್ದು."

"ಬಿಡಿಸೂದು ಬಿಡು ಅಂದ್ರ ನೀ ಬಿಡವಲ್ಲಿ."

"ಹಂತ ನುಂಗಿದ್ರ ಅಪ್ಪಗ ಸೇರಂಗಿಲ್ಲ."

"ನಿಮ್ಮಪ್ಪ ಈಗ ಇಲ್ಲಲ್ಲ," ಎಂದ ಶಾಂತಕುಮಾರ. ಅವನ ಧ್ವನಿಯಲ್ಲಿ ಧೈರ್ಯ ಸ್ವಲ್ಪ ಕಡಿಮೆಯಿತ್ತು. ಸುವರ್ಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮೂಲೆಯಲ್ಲಿದ್ದ ಮಾಸ್ತರರ ಕುರ್ಚಿಯ ಕಡೆ ನೋಡಿದಳು.

ಭಾನುವಾರ ಮಧ್ಯಾಹ್ನ ಪಾಠಕ್ಕೆ ಕೂತರು. ಇವನು ಮೊದಲನೆಯ ಸೂತ್ರ ಹೇಳಿದ್ದೇ ಕುರ್ಚಿಯ ಕಡೆಯಿಂದ ಟಕ್ ಎಂದಿತು. ಶಾಂತಕುಮಾರ ಶಬ್ದ ಮುಚ್ಚಲು ಜೋರಾಗಿ ಕೆಮ್ಮಿದ. ಮತ್ತೆ ಟಕ್. ಮತ್ತೆ ಕೆಮ್ಮು.

"ಯಾಕ್ ಸುಮ್ಮನ ಕೆಮ್ಮಾಕತ್ತೀರಿ?" ಎಂದಳು ಸುವರ್ಣಾ. "ಅಪ್ಪ ಕುಂತಾರ, ಅಷ್ಟ. ನೀವು ಹೇಳ್ರಿ."

ಶಾಂತಕುಮಾರ ಕೆಮ್ಮುವುದನ್ನು ನಿಲ್ಲಿಸಿದ. "ನಿನಗೂ ಕೇಳಾಕತ್ತೈತೇನು?"

"ಮಾಘದಾಗಿಂದ. ಹೇಳಿದ್ರ ಹೆದರತೀರಿ ಅಂತ ಸುಮ್ಮನಿದ್ದೆ."

ಹೆಂಡತಿಯ ಮುಂದೆ ಓಡಿಹೋಗುವುದು ವೀರರಿಗೆ ಸಲ್ಲದು. ಅದೂ ಅಲ್ಲದೆ ಬಾಗಿಲಿಗೆ ಹೋಗಲು ಕುರ್ಚಿಯನ್ನು ದಾಟಬೇಕಿತ್ತು. ಅವನು ಪಾಠ ಮುಂದುವರಿಸಿದ. ಎಕ್ಸ್‌ನ ಘನಕ್ಕೆ ಎಕ್ಸ್‌ನ ವರ್ಗ ಕೂಡಿಸಿ, ಎಕ್ಸ್‌ಗೆ ಒಂದು ಕೂಡಿಸಿ ಬಂದದ್ದರಿಂದ ಭಾಗಿಸಿದರೆ ಏನು ಬರುತ್ತದೆ? ಎಕ್ಸ್‌ನ ಎರಡು ಪಟ್ಟೋ, ಎಕ್ಸ್‌ನ ವರ್ಗವೋ, ಇನ್ನೇನೋ? "ಬಿಡಿಸಬ್ಯಾಡ. ಎಕ್ಸ್ ಇದ್ದಲ್ಲಿ ಎರಡು ಹಾಕು. ನಾ ಯಾವಾಗಲೂ ಎರಡ ಹಾಕಸ್ತೀನಿ. ಸಣ್ಣ ಅಂಕಿ, ಲಗೂ ಆಕೈತಿ."

ಸುವರ್ಣಾ ಎರಡು ಹಾಕಿದಳು. ಎಂಟು, ನಾಲ್ಕು, ಒಟ್ಟು ಹನ್ನೆರಡು. ಮೂರರಿಂದ ಭಾಗಿಸಿದರೆ ನಾಲ್ಕು. ಆಯ್ಕೆಗಳನ್ನು ನೋಡಿದಳು. "ಎರಡರ ಎರಡು ಪಟ್ಟೂ ನಾಕು, ಎರಡರ ವರ್ಗನೂ ನಾಕು. ಎರಡೂ ಸರಿ ಬರಾಕತ್ತಾವಲ್ರಿ. ಯಾವುದು ಬರೀಲಿ?"

ಶಾಂತಕುಮಾರ ಬೆಪ್ಪಾದ. ಎರಡು ಎಂಬ ಈ ಅಂಕಿಯನ್ನು ನಂಬಿ ಪರೀಕ್ಷೆಗೆ ಹೋದ ಮಕ್ಕಳೆಲ್ಲ ಕಣ್ಣ ಮುಂದೆ ಸಾಲುಗಟ್ಟಿದರು. ಮೂರನೆಯ ಮಹಡಿಯ ಸಿಂಹದ ಬಾಯಿಂದ ಶಬ್ದ ಹೊರಡಲಿಲ್ಲ. ಶಬ್ದ ಹೊರಟದ್ದು ಕುರ್ಚಿಯಿಂದ. ಟಕ್. ಟಕ್. ಟಕ್.

ಇಬ್ಬರೂ ಕಾದರು. ನಾಲ್ಕನೆಯದು ಬರಲಿಲ್ಲ.

"ಮೂರು ಹಾಕು ಅನ್ನಾಕತ್ತಾರ," ಎಂದಳು ಸುವರ್ಣಾ. ಮೂರು ಹಾಕಿದಳು: ಇಪ್ಪತ್ತೇಳು, ಒಂಬತ್ತು, ಒಟ್ಟು ಮೂವತ್ತಾರು, ನಾಲ್ಕರಿಂದ ಭಾಗಿಸಿದರೆ ಒಂಬತ್ತು. ಮೂರರ ಎರಡು ಪಟ್ಟು ಆರು, ವರ್ಗ ಒಂಬತ್ತು. ಉತ್ತರ ಒಂದೇ ಉಳಿಯಿತು. ಅಲ್ಲಿಂದ ಆ ಮಧ್ಯಾಹ್ನ ಮುಗಿಯುವವರೆಗೆ ಅವಳ ಕೈ ಎಲ್ಲೂ ತಡೆಯಲಿಲ್ಲ. ಮನೆಯಲ್ಲಿ ನಶ್ಯದ ವಾಸನೆ ಗಾಢವಾಗಿತ್ತು.

ಪರೀಕ್ಷೆ ನಗರದ ನಡುವಿನ ಅಬಿಡ್ಸ್‌ನ ಒಂದು ಶಾಲೆಯಲ್ಲಿ. ಸುವರ್ಣಾ ಹಾಲ್ ಟಿಕೆಟ್ ತೋರಿಸಿ ಒಳಗೆ ಹೋದಳು. ಅವಳ ಹಿಂದೆಯೇ ನಶ್ಯದ ವಾಸನೆಯೊಂದು ಶಾಂತಕುಮಾರನ ಮೂಗನ್ನು ಸವರಿ ಗೇಟು ದಾಟಿತು. ಹಾಲ್ ಟಿಕೆಟ್ ಇಲ್ಲದವರು ಒಳಗೆ ಹೋಗುವುದನ್ನು ಕಾವಲುಗಾರ ತಡೆಯಲಿಲ್ಲ. ಒಮ್ಮೆ ಸೀನಿದ, ಅಷ್ಟೆ.

ಹೊರಗೆ ಬಂದವಳನ್ನು ಕೇಳಿದ: "ಎಷ್ಟು ಮಾಡಿದಿ?"

"ಎಲ್ಲಾ ಮಾಡಿದೆ. ಒಂದು ಮಾತ್ರ ಪೂರ್ತಿ ಬಿಡಿಸಿದೆ."

"ಯಾವುದು?"

"ಅಪ್ಪ ಮಗಳ ವಯಸ್ಸಿಂದು. ಹತ್ತು ವರ್ಷ ಆದ ಮ್ಯಾಲೆ ಅಪ್ಪಗ ಎಷ್ಟು ಅಂತ ಕೇಳಿದ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಪ್ಪನ ವಯಸ್ಸು ಇದಲ್ಲ, ಇದಲ್ಲ ಅಂತ ಹೊಡದು ಹಾಕೂದು ಹೆಂಗ್ರಿ? ಮಗಳ ವಯಸ್ಸು ಎಕ್ಸ್ ಇರಲಿ ಅಂತ ಶುರು ಮಾಡಿ ಒಂದೂ ಹಂತ ಬಿಡದ ಬರದೆ. ಬರಿಯೂತನಕ ನಮ್ಮಪ್ಪನೂ ಡಬ್ಬಿ ಕುಟ್ಟದ ಸುಮ್ಮನಿದ್ರು."

ಸುವರ್ಣಾ ಪಾಸಾದಳು. ಶಾಂತಕುಮಾರನ ತರಗತಿಯಲ್ಲಿ ಅಂದಿನಿಂದ ಟಕ್ ಎನ್ನುವುದು ನಿಂತಿತು. ಬೆಂಚಿನ ಧೂಳು ಧೂಳಾಗಿಯೇ ಉಳಿಯಿತು. ಅವನು ಮಕ್ಕಳಿಗೆ ಎರಡನ್ನು ಬಿಟ್ಟು ಮೂರನ್ನು ಹಾಕಲು ಕಲಿಸಿದ, ಮೂರು ಭಾಷೆಯಲ್ಲಿ ಮತ್ತೆ ಗರ್ಜಿಸಿದ. ಆದರೂ ಪ್ರತಿ ಗರ್ಜನೆಯ ನಂತರ ಕೊನೆಯ ಬೆಂಚಿನ ಕಡೆ ಕಿವಿಗೊಟ್ಟು ಒಂದು ಗಳಿಗೆ ನಿಲ್ಲುತ್ತಿದ್ದ. ಆ ಮೌನ ಶಬ್ದಕ್ಕಿಂತ ಕೆಟ್ಟದಾಗಿತ್ತು.

ಒಂದು ದಿನ ಚಲನ್ ಕಟ್ಟಲು ಹೆಂಡತಿಯ ಬ್ಯಾಂಕಿಗೇ ಹೋದ. ಕೌಂಟರಿನ ಗಾಜಿನ ಹಿಂದೆ, ಹೊಸ ಕಂಪ್ಯೂಟರಿನ ಮುಂದೆ ಸುವರ್ಣಾ ಕೂತಿದ್ದಳು. ಅವಸರದಲ್ಲಿ ಅವನು ಸಹಿ ಹಾಕುವುದನ್ನು ಮರೆತು ಚಲನ್ ಒಳಗೆ ತಳ್ಳಿದ.

ಟಕ್.

"ಅದನ್ನ ಬಾಯಿಲೆ ಹೇಳಿದ್ರ ಆಗಂಗಿಲ್ಲೇನು?" ಎಂದು ಗೊಣಗುತ್ತ ಶಾಂತಕುಮಾರ ಗಾಜಿನೊಳಗೆ ಬಗ್ಗಿ ನೋಡಿದ. ಸುವರ್ಣಾಳ ಎರಡೂ ಕೈ ಕೀಬೋರ್ಡಿನ ಮೇಲಿದ್ದವು.

"ಸಹಿ ಹಾಕ್ರಿ ಲಗೂನ," ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಹಿಂದ ಮಂದಿ ನಿಂತಾರ."