ಮಸಿ ಹಚ್ಚಿದ ಬಿಳಿ ಹ್ಯಾಟೆ

ನಾನು ಚಿಕ್ಕವನಿದ್ದಾಗ ಸೂಲಿಬೆಲೆ ಕಡೆಯ ನಮ್ಮ ಮನೆಯಲ್ಲಿ ಕೋಳಿ ಕಾಯುವುದೂ ಒಂದು ಕೆಲಸವಾಗಿತ್ತು, ಮಕ್ಕಳೇ. ಹದ್ದಿನಿಂದ ಕಾಯುವುದು ಸುಲಭ. ಒಂದು ಕೋಳಿಯಿಂದ ಇನ್ನೊಂದನ್ನು ಕಾಯುವುದಿದೆಯಲ್ಲ, ಅದಕ್ಕೆ ಕೊನೆಯೇ ಇರಲಿಲ್ಲ. ನೆನೆದರೆ ಈಗಲೂ ಆಯಾಸವಾಗುತ್ತದೆ.

ಅಕ್ಕನದೊಂದು ಬಿಳಿ ಹ್ಯಾಟೆ, ಅಂದರೆ ಹೆಣ್ಣುಕೋಳಿ, ಇತ್ತು. ಮರಿಯಾಗಿದ್ದಾಗಿನಿಂದ ಅವಳೇ ನುಚ್ಚು ಹಾಕಿ ಸಾಕಿದ್ದಳು. ಜಡಿಮಳೆ ಹಿಡಿದು ಕೋಳಿಗಳನ್ನೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ಕೂಡಿಹಾಕಿದ್ದೆವು. ಮಳೆ ಬಿಟ್ಟ ಬೆಳಿಗ್ಗೆ ನೋಡಿದರೆ ಬಿಳಿ ಹ್ಯಾಟೆಯ ಬೆನ್ನಿನಲ್ಲಿ ಪುಕ್ಕವಿಲ್ಲ, ರಕ್ತ ಜಿನುಗುತ್ತಿದೆ.

"ಸಂಜೆಗಂಟ ನೋಡಾನ. ಹಿಂಗೇ ಕುಕ್ಕುಸ್ಕಂತಿದ್ರೆ ಕುಯ್ದುಬಿಡಾನ. ಸುಮ್ನೆ ಯಾಕೆ ನರಳ್ಬೇಕು" ಎಂದು ಹೇಳಿ ಅಪ್ಪ ಹೊಲಕ್ಕೆ ಹೋದ.

ಗಾಯಕ್ಕೆ ನಮಗೆ ಗೊತ್ತಿದ್ದ ಮದ್ದು ಅರಿಶಿನ ಸುಣ್ಣ. ಅಕ್ಕ ಅದನ್ನೇ ಕಲಸಿ ಹಚ್ಚಿ ಬಿಟ್ಟಳು. ಅರಿಶಿನಕ್ಕೆ ಸುಣ್ಣ ಸೇರಿದರೆ ಆರತಿ ನೀರಿನಂತೆ ಕೆಂಪಾಗುತ್ತದಲ್ಲ. ಆ ಕೆಂಪು ಕಂಡದ್ದೇ ತಡ, ಅದುವರೆಗೆ ಸುಮ್ಮನಿದ್ದ ಕೋಳಿಗಳೂ ಬಂದು ಕುಕ್ಕಿದವು. ಅಕ್ಕ ಅದನ್ನು ಮಡಿಲಿಗೆಳೆದುಕೊಂಡು ಅತ್ತುಬಿಟ್ಟಳು.

ಮಧ್ಯಾಹ್ನ ಅಪ್ಪ ದಣಿದು ಬಂದು ಗುದ್ದಲಿ ಇಳಿಸಿದ. "ಕೆಂಪು ಕಂಡ್ರೆ ಬಿಡಲ್ಲ ಕಣವ್ವ ಅವು. ತೊಳ್ದು ಮಡಕೆ ಮಸಿ ಬಳಿ."

ಅಕ್ಕ ಮಡಕೆಯ ತಳ ಕೆರೆದು ಹರಳೆಣ್ಣೆಯಲ್ಲಿ ಮಸಿ ಕಲಸಿದಳು. ನಾನು ಹ್ಯಾಟೆಯನ್ನು ಹಿಡಿದುಕೊಂಡೆ, ಅವಳು ಕೆಂಪು ತೊಳೆದು ಮಸಿ ಬಳಿದಳು. ಎಣ್ಣೆಯ ಕಮಟು ವಾಸನೆ, ಅಂಗೈಯಲ್ಲಿ ಅದರ ಎದೆಬಡಿತ. ಅಂಗಳದಲ್ಲೇ ಅದರ ಮೇಲೆ ಬಿದಿರಿನ ಮಂಕರಿ ಬುಟ್ಟಿ ಮುಚ್ಚಿದೆವು. "ಕಣ್ಮುಂದೇನೆ ಇರ್ಲಿ. ದೂರ ಇಟ್ರೆ ಗುರ್ತು ಮರ್ತು ಇನ್ನೂ ಹೊಡೀತವೆ" ಎಂದ ಅಪ್ಪ. ಉಳಿದವನ್ನು ತಿಪ್ಪೆಗೆ ಬಿಟ್ಟು, ರಾಗಿಯನ್ನು ಒಂದೇ ಕಡೆ ಸುರಿಯದೆ ಅಲ್ಲಲ್ಲಿ ಎರಚಿದ. ಅವು ಸಂಜೆಯವರೆಗೂ ಕೆದಕಿದವು. ಯಾರ ಬೆನ್ನಿನ ಕಡೆಯೂ ನೋಡಲು ಪುರುಸೊತ್ತಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಅಕ್ಕ ಹ್ಯಾಟೆಯನ್ನು ತೂಕಡಿಸುತ್ತಿದ್ದ ಕೋಳಿಗಳ ನಡುವೆ ಕೂರಿಸಿದಳು. ನಾವಿಬ್ಬರೂ ಅಲ್ಲೇ ನಿಂತು ನೋಡಿದೆವು. ಎಲ್ಲಕ್ಕೂ ಜೋರಾದ ಮುದಿ ಕೋಳಿ ಆ ಕರಿ ಬೆನ್ನನ್ನು ಒಮ್ಮೆ ನೋಡಿ ಕಣ್ಣು ಮುಚ್ಚಿತು. ಅಪ್ಪ ಮತ್ತೆ ಕುಯ್ಯುವ ಮಾತೆತ್ತಲಿಲ್ಲ. ಪುಕ್ಕ ಬರುವವರೆಗೂ ದಿನವೂ ಮಸಿ, ದಿನವೂ ಮಂಕರಿ. ಅಕ್ಕ ಬೇಸರಪಡಲಿಲ್ಲ, ನಾನು ಪಟ್ಟೆ.

ನಿಮ್ಮ ಕೋಳಿಗಳು ಮಹಡಿಯ ಮೇಲೆ ತಂತಿಗೂಡಿನಲ್ಲಿವೆ. ಕುಕ್ಕಾಡುತ್ತವೆ ಎಂದು ಬೆಳಗಿನಿಂದ ಮೊಬೈಲಿನಲ್ಲಿ ಮದ್ದು ಹುಡುಕುತ್ತಿದ್ದೀರಿ. ಗ್ಯಾಸ್ ಒಲೆಯ ಪಾತ್ರೆಗೆ ಮಸಿಯೂ ಹಿಡಿಯುವುದಿಲ್ಲ. ಮದ್ದು ಆಮೇಲೆ ಹುಡುಕಿ. ಆ ಸಿಮೆಂಟ್ ನೆಲದಲ್ಲಿ ಅವಕ್ಕೆ ಕೆದಕಲು ಏನಿದೆ, ಪಕ್ಕದ ಕೋಳಿಯ ಬೆನ್ನು ಬಿಟ್ಟರೆ? ಮೊದಲು ಒಂದು ಮಂಕರಿ ಮಣ್ಣು ಹೊತ್ತು ಹಾಕಿ. ನಾನೇ ಹಾಕುತ್ತಿದ್ದೆ, ಈ ಮಂಡಿ ಮೆಟ್ಟಿಲು ಹತ್ತಲು ಬಿಡುವುದಿಲ್ಲ.