ಬಸವಕುಮಾರನ ಮೈಲೇಜ್ ಪರೀಕ್ಷೆ

ಕಂಪ್ಲಿಯಲ್ಲಿ ನನ್ನ ಪಂಕ್ಚರ್ ಅಂಗಡಿಗೆ ಅಂಟಿಕೊಂಡೇ ಬಸವಕುಮಾರನ ಅಕ್ಕಿ ಅಂಗಡಿ. ಅವನು ಒಂದು ಕಡೆ ಕೂರುವ ಆಸಾಮಿಯೇ ಅಲ್ಲ. ಗಿರಾಕಿ ಅಕ್ಕಿ ಮುಟ್ಟಿ ನೋಡುವಷ್ಟರಲ್ಲಿ ಮೂರು ಸಲ ಎದ್ದು ಬೀದಿಗೆ ಬಂದು ಹೋಗುತ್ತಾನೆ.

ಹೋದ ವರ್ಷ ಅವನ ತಾಯಿ ಜಂಬಮ್ಮನವರ ಕಿಡ್ನಿ ಕೈಕೊಟ್ಟಿತು. ಮಂಗಳವಾರ, ಗುರುವಾರ, ಶನಿವಾರ ಹೊಸಪೇಟೆಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಒಂದು ಸರದಿ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ತಾಯಿ ಬಸ್ಸಿನಲ್ಲಿ ಜೋತಾಡುವುದನ್ನು ನೋಡಲಾರದೆ ಬಸವಕುಮಾರ ಒಂದು ಸಣ್ಣ ಎಸ್‌ಯುವಿ ಕೊಂಡ. ಸಂಡೂರಿನ ಗಣಿ ಎಂಜಿನಿಯರೊಬ್ಬರು ಆರು ವರ್ಷ ಓಡಿಸಿದ್ದ ಗಾಡಿ. ಅಲ್ಲಿಯವರೆಗೆ ಅವನನ್ನು ಮೆಚ್ಚಬೇಕು.

ಆದರೆ ಕೊಡಿಸಿದ ದಲ್ಲಾಳಿ ಲೀಟರಿಗೆ ಹದಿನೆಂಟು ಕಿಲೋಮೀಟರ್ ಗ್ಯಾರಂಟಿ ಎಂದಿದ್ದ. ಗಾಡಿ ಕೊಟ್ಟಿದ್ದು ಹನ್ನೊಂದು. ಆವತ್ತಿನಿಂದ ಇವನ ತಲೆಗೆ ಹುಳ ಬಿಟ್ಟಂತಾಯಿತು.

ದಿನಾ ನಾನು ಶಟರ್ ಎತ್ತುವ ಮುಂಚೆಯೇ ಗಾಡಿ ತಂದು ನಿಲ್ಲಿಸಿ, "ಗಾಳಿ ನೋಡಲೇ ಈಶ್ವರಾ" ಎನ್ನುತ್ತಿದ್ದ. ನೋಡಿದ ಗಾಳಿಯನ್ನೇ ಎಷ್ಟು ಸಲ ನೋಡುವುದು? ಏರ್ ಫಿಲ್ಟರ್ ಬಿಚ್ಚಿಸಿದರೆ ಸಂಡೂರಿನ ಕೆಂಪು ಧೂಳು ಒಂದು ಹಿಡಿ ಬಿತ್ತು. ಹೊಸದು ಹಾಕಿಸಿದ. ಹನ್ನೊಂದೂವರೆ ಆಯಿತು, ಅಷ್ಟೇ.

ಮೈಲೇಜ್ ಅಳೆಯಬೇಕಾದರೆ ಟ್ಯಾಂಕನ್ನು ಬಾಯಿತನಕ ತುಂಬಿಸಬೇಕು. ಅದಕ್ಕೆ ಬಂಕಿನಲ್ಲಿ ಗಾಡಿಯನ್ನು ತೊಟ್ಟಿಲಿನ ಹಾಗೆ ಅಲ್ಲಾಡಿಸಿ ಒಳಗಿನ ಗಾಳಿ ಹೊರಡಿಸುವುದು ನಮ್ಮ ಕಡೆಯವರ ಅಭ್ಯಾಸ. ಇವನು ಜಂಬಮ್ಮನವರನ್ನು ಹಿಂದೆ ಕೂರಿಸಿಕೊಂಡೇ ಅಲ್ಲಾಡಿಸಿದ. ಅವರು ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದರು. ಜೊತೆಗಿದ್ದ ನನಗೆ ರೇಗಿಹೋಯಿತು, ಬೈದೆ.

"ಪೂರಾ ತುಂಬ್ಲಿಲ್ಲಾಂದ್ರ ಲೆಕ್ಕ ತಪ್ತೈತೋ" ಅಂದ.

ಆಮೇಲೆ ಬೇಸಿಗೆಯಲ್ಲೂ ಎ.ಸಿ. ಬಂದ್. ಸ್ಟೆಪ್ನಿ, ಜಾಕು ಎಲ್ಲ ಮನೆಯ ಮೂಲೆಗೆ. ಭಾರ ಇಳಿಸಿದರೆ ಮೈಲೇಜ್ ಏರುತ್ತದೆ ಎಂದು ಹೇಳಿಕೊಟ್ಟವನು ನಾನೇ. ಆ ಪಾಪದಲ್ಲಿ ನನ್ನದೂ ಪಾಲಿದೆ.

ಒಂದು ಬುಧವಾರ ಸಂಜೆ ಅವನ ಮನೆ ಕಟ್ಟೆಯ ಮೇಲೆ ಕೂತಿದ್ದೆವು. "ಆಸ್ಪತ್ರಿ ಮುಂದ ಟ್ರಾಫಿಕ್ಕಿನ್ಯಾಗ ನಿಂತು ನಿಂತು ಡೀಸೆಲ್ ಕುಡೀತೈತಿ ನೋಡು. ಹಿಂದ ಯಾರೂ ಕುಂದ್ರದಂಗ, ಖಾಲಿ ಗಾಡಿ ಒಮ್ಮಿ ಓಡಿಸಿದ್ರ ಖರೇ ಮೈಲೇಜ್ ಗೊತ್ತಾಗ್ತಿತ್ತು" ಎಂದು ಜೋರಾಗಿಯೇ ಹೇಳಿದ. ಜಂಬಮ್ಮ ಬಾಗಿಲ ಹತ್ತಿರವೇ ಕೂತು ಬೆಂಡೆಕಾಯಿ ಹೆಚ್ಚುತ್ತಿದ್ದರು.

ಮರುದಿನ ಏಳು ಗಂಟೆಗೆ ಓಡಿ ಬಂದ. "ಹತ್ತಲೇ ಈಶ್ವರಾ, ಅವ್ವ ಮನ್ಯಾಗಿಲ್ಲ! ಆರರ ಬಸ್ ಹತ್ತಿದ್ದು ಯಾರೋ ನೋಡ್ಯಾರಂತ."

ಅವರು ಫೋನನ್ನು ಮನೆಯಲ್ಲೇ ಬಿಟ್ಟುಹೋಗಿದ್ದರು. ದಾರಿಯುದ್ದಕ್ಕೂ ಅವನ ಕಾಲು ಎಕ್ಸಿಲರೇಟರ್ ಬಿಡಲಿಲ್ಲ. ಕಮಲಾಪುರದಲ್ಲಿ ಹಂಪಿಗೆ ತಿರುಗುವ ಪ್ರವಾಸಿ ಬಸ್ಸುಗಳ ಹಿಂದೆ ಸಿಕ್ಕಿಕೊಂಡು ಒಂದೇ ಸಮ ಹಾರ್ನ್ ಬಡಿದ. "ಸೀಟ್ ಸಿಕ್ಕೈತೋ ಇಲ್ಲೋ? ತಲಿ ತಿರುಗಿ ಬಿದ್ರ?" ಎಂದು ಹತ್ತು ಸಲ ಕೇಳಿದ. ನನಗೂ ಭಯವಾಗಿತ್ತು.

ಜಂಬಮ್ಮ ಆಸ್ಪತ್ರೆಯಲ್ಲೇ ಇದ್ದರು. ತೋಳಿಗೆ ಸೂಜಿ ಚುಚ್ಚಿ ಯಂತ್ರ ಶುರುಮಾಡಿದ್ದರು. ನರ್ಸ್ ಪಲ್ಲವಿ ನಮ್ಮನ್ನು ನೋಡಿದ್ದೇ ಸಿಡುಕಿದಳು. "ಒಬ್ಬರನ್ನೇ ಕಳಿಸ್ತೀರಲ್ರೀ? ಬಂದಾಗ ಗೋಡಿ ಹಿಡ್ಕಂಡು ನಿಂತಿದ್ರು. ಮಗ ಎಲ್ರಿ ಅಂದ್ರ, ಅವ್ನ ಗಾಡಿದು ಪರೀಕ್ಷೆ ಐತಿ ಅಂತಾರ!"

ಬಸವಕುಮಾರ ಮಂಚದ ಪಕ್ಕಕ್ಕೆ ಹೋದ. ಜಂಬಮ್ಮ ಕಣ್ಣು ತೆರೆದು ಮಗನನ್ನು ಕಂಡು, "ಖಾಲಿ ಗಾಡಿ ಎಷ್ಟು ಕೊಡ್ತಪ್ಪಾ?" ಎಂದು ಕೇಳಿದರು.

"ಭಾಳ ಚಲೋ ಕೊಡ್ತವ್ವ" ಅಂದ. ಹಸಿ ಸುಳ್ಳು. ಅವನು ಮೀಟರ್ ಕಡೆ ನೋಡಿಯೇ ಇರಲಿಲ್ಲ.

"ಹಂಗಾದ್ರ ಶನಿವಾರ ನಾನೂ ಕುಂದ್ರಲೇನು?" ಅಂದರು.